ಚಳಿದೇಶದ ಬಾಳೆ: ಡ್ಯೂಕನ ಗಾಜಿನ ಮನೆಯಿಂದ ನಮ್ಮ ತಳ್ಳುಗಾಡಿಗೆ

ಈ ಸಲದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರವಣಿಗೆಗೆ ಇಳಿಸಿದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಸಂಗತಿ ಸೇರಿಸಿದ್ದೀನಿ, ನನ್ನ ಕೆಮ್ಮು ತೆಗೆದುಹಾಕಿದ್ದೀನಿ. ನೋಯ್ಡಾದ ಚಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ರೆಕಾರ್ಡಿಂಗ್‌ಗೆ ಕೂತರೆ ಹಾಗೇ ಆಗೋದು.

ಈ ಕಥೆ ಶುರುವಾಗಿದ್ದು ಒಂದು ಗೋಣಿಚೀಲದಿಂದ. ಹೋದ ವರ್ಷ ಜೂನ್‌ನಲ್ಲಿ ಅಮ್ಮ ನಂಜನಗೂಡು ತಾಲ್ಲೂಕಿನ ನಮ್ಮೂರಿಂದ ಇಲ್ಲಿಗೆ ಬಂದರು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಸ್ಟೇಷನ್ನಿನಲ್ಲಿ ನಾನು ಸೂಟ್‌ಕೇಸ್ ಇಳಿಸ್ತಾ ಇದ್ದರೆ ಅವರು ಸೀಟಿನ ಕೆಳಗಿಂದ ಗೋಣಿಚೀಲ ಎಳೀತಾ ಇದ್ದಾರೆ. ಒಳಗೆ ಒದ್ದೆ ಹುಲ್ಲಲ್ಲಿ ಸುತ್ತಿದ ಎರಡು ಏಲಕ್ಕಿ ಬಾಳೆ ಕಂದು. ಬೇರಿಗೆ ಊರಿನ ಮಣ್ಣು ಹಾಗೇ ಮೆತ್ತಿಕೊಂಡಿತ್ತು. "ನಿಮ್ಮ ಕಡೆ ಬಾಳೆಹಣ್ಣು ಬರೀ ಪಿಷ್ಟ ಕಣೋ, ಬಾಯಿಗಿಡಕ್ಕಾಗಲ್ಲ" ಅಂತ ಹಿಂದಿನ ಸಲ ಬಂದಾಗಲೇ ಹೇಳಿದ್ದರು.

ನಮ್ಮದು ನೆಲಮಹಡಿ. ಹಿಂದೆ ಕಾಂಪೌಂಡ್ ಗೋಡೆಗೂ ಮನೆಗೂ ಮಧ್ಯೆ ಆರಡಿ ಅಗಲದ ಮಣ್ಣಿದೆ. ಅಲ್ಲೇ ನೆಟ್ಟೆವು. ಮಳೆಗಾಲದಲ್ಲಿ ಎರಡೂ ಜೋರಾಗಿ ಬಂದವು, ದೀಪಾವಳಿ ಹೊತ್ತಿಗೆ ನನಗಿಂತ ಎತ್ತರ. ಆಮೇಲೆ ಡಿಸೆಂಬರ್. ಹೊಸ ಎಲೆ ಬರೋದು ನಿಂತಿತು. ಜನವರಿಯಲ್ಲಿ ಮಂಜು ಕವಿದು ರಾತ್ರಿ ಮೂರು, ನಾಲ್ಕು ಡಿಗ್ರಿಗೆ ಇಳಿದಾಗ ಇದ್ದ ಎಲೆಗಳೂ ಸುಟ್ಟ ಕಾಗದದ ಹಾಗೆ ಕಂದಿ ಜೋತುಬಿದ್ದವು. ಅಮ್ಮ ದಿನಾ ಬೆಳಿಗ್ಗೆ ಶಾಲು ಹೊದ್ದು ಕಿಟಕಿ ಹತ್ರ ನಿಲ್ಲೋರು. ಒಂದು ದಿನ ಕೇಳಿದರು, "ಹಂಗಾರೆ ಚಳಿ ಇರೋ ಕಡೆ ಬಾಳೆ ಬರೋದೇ ಇಲ್ವೇನೋ?"

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ ನಾನು ಇನ್ನೂರು ವರ್ಷ ಹಿಂದಿನ ಇಂಗ್ಲೆಂಡ್ ತಲುಪಿದೆ. ಅಲ್ಲಿಂದ ಲಾಲ್‌ಬಾಗ್‌ಗೆ, ಕೊನೆಗೆ ನಮ್ಮ ತಾತನ ತೋಟಕ್ಕೆ.

ಮೊದಲು ಗಿಡದ ವಿಷಯ. ಬಾಳೆ ಮರ ಅಂತೀವಿ, ಆದರೆ ಅದು ಮರ ಅಲ್ಲ. ನಮಗೆ ಕಾಂಡದ ಹಾಗೆ ಕಾಣೋದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಪಟ್ಟೆಗಳು. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಸುಮಾರು 27 ಡಿಗ್ರಿ ಆಸುಪಾಸಿನಲ್ಲಿ ಇದು ಖುಷಿಯಾಗಿ ಎಲೆ ಹಾಕುತ್ತದೆ. 15-16ಕ್ಕಿಂತ ಕೆಳಗೆ ಹೋದರೆ ಬೆಳವಣಿಗೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಹಿಮ ಬಿದ್ದರೆ ಎಲೆಯೊಳಗಿನ ನೀರೇ ಹೆಪ್ಪುಗಟ್ಟಿ ಮುಗೀತು. ಹಣ್ಣಿಗೂ ಹಾಗೇ, 13ಕ್ಕಿಂತ ಕಡಿಮೆಯಾದರೆ ಸಿಪ್ಪೆ ಕಪ್ಪಾಗುತ್ತದೆ. ಫ್ರಿಜ್ಜಲ್ಲಿಟ್ಟ ಬಾಳೆಹಣ್ಣು ಕಪ್ಪಾಗೋದು ಅದಕ್ಕೇ. ಹೂ ಬಿಡೋ ಹೊತ್ತಿಗೆ ಚಳಿ ಬಂದರೆ ಇನ್ನೊಂದು ಕಷ್ಟ ಇದೆ: ಗೊನೆ ಹೊರಗೆ ಬರೋಕಾಗದೆ ಗಿಡದ ಕುತ್ತಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಕುಳ್ಳ ಜಾತಿಯ ಬಾಳೆಗಳಲ್ಲಿ ಇದು ಹೆಚ್ಚು. ಒಟ್ಟಿನಲ್ಲಿ ಇಂಥ ಗಿಡವನ್ನು ಯೂರೋಪಿನಲ್ಲಿ ಬೆಳೆಸ್ತೀನಿ ಅಂತ ಯಾರಾದರೂ ಹೊರಟರೆ ಅವರು ಬೆಳೆಸಬೇಕಾದ್ದು ಬಾಳೆಯನ್ನಲ್ಲ, ಶಾಖವನ್ನು.

1633ರ ಏಪ್ರಿಲ್‌ನಲ್ಲಿ ಲಂಡನ್ನಿನ ಸ್ನೋ ಹಿಲ್‌ನಲ್ಲಿ ಥಾಮಸ್ ಜಾನ್ಸನ್ ಅನ್ನೋ ಔಷಧದ ವ್ಯಾಪಾರಿ ತನ್ನ ಅಂಗಡಿಯಲ್ಲಿ ಒಂದು ಬಾಳೆಗೊನೆ ತೂಗುಹಾಕಿದ. ಬರ್ಮುಡಾದಿಂದ ಬಂದದ್ದು. ನಮ್ಮಲ್ಲಿ ಕಿರಾಣಿ ಅಂಗಡಿ ಬಾಗಿಲಲ್ಲಿ ದಿನಾ ತೂಗೋ ಗೊನೆ ಅಲ್ಲಿ ಜನ ಬಂದು ನೋಡೋ ವಿಚಿತ್ರ ವಸ್ತು. ಅವನು ರುಚಿ ನೋಡಿ ಕರ್ಬೂಜಕ್ಕೆ ಹೋಲಿಸಿದ, ಚಿತ್ರ ಬರೆದು ತಾನು ಪರಿಷ್ಕರಿಸುತ್ತಿದ್ದ ಗಿಡಮೂಲಿಕೆ ಪುಸ್ತಕದಲ್ಲಿ ಸೇರಿಸಿದ. ಆದರೆ ಹಣ್ಣು ತರಿಸೋದು ಬೇರೆ, ಗಿಡ ಬೆಳೆಸೋದು ಬೇರೆ.

ಬೆಳೆಸೋದರಲ್ಲಿ ಹಾಲೆಂಡಿನವರು ಮುಂದಿದ್ದರು. ಅವರ ಹಡಗುಗಳು ಏಷ್ಯಾದಿಂದ ಗಿಡ ತರ್ತಾ ಇದ್ದವು, ಊರಲ್ಲಿ ಶ್ರೀಮಂತ ವ್ಯಾಪಾರಿಗಳ ತೋಟಗಳಿದ್ದವು. ಚರ್ಮ ಹದ ಮಾಡೋ ಕಡೆ ಉಳಿದ ಓಕ್ ತೊಗಟೆಯನ್ನು ಗುಂಡಿಯಲ್ಲಿ ತುಂಬಿದರೆ ಅದು ನಿಧಾನವಾಗಿ ಕೊಳೆಯುತ್ತಾ ತಿಂಗಳುಗಟ್ಟಲೆ ಬಿಸಿ ಕೊಡುತ್ತದೆ. ಅದರಲ್ಲಿ ಕುಂಡ ಹೂತು ಮೇಲೆ ಗಾಜು ಮುಚ್ಚಿದರೆ ಅನಾನಸ್ ಕೂಡ ಬರುತ್ತಿತ್ತು. ನಮ್ಮಲ್ಲಿ ತಿಪ್ಪೆಗುಂಡಿಗೆ ಕೈ ಹಾಕಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂಥ ಒಬ್ಬ ಶ್ರೀಮಂತ ಜಾರ್ಜ್ ಕ್ಲಿಫರ್ಡ್. ಬ್ಯಾಂಕರ್, ಡಚ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲೊಬ್ಬ. ಹಾರ್ಲೆಮ್ ಹತ್ತಿರ ಹಾರ್ಟೆಕಾಂಪ್ ಅನ್ನೋ ಅವನ ಎಸ್ಟೇಟಿನಲ್ಲಿ ಬಾಳೆಗಿಡ ಇತ್ತು, ಆದರೆ ಹೂ ಬಿಡ್ತಿರಲಿಲ್ಲ. 1735ರಲ್ಲಿ ಅಲ್ಲಿ ತೋಟದ ಉಸ್ತುವಾರಿಗೂ ಮನೆವೈದ್ಯನ ಕೆಲಸಕ್ಕೂ ಸ್ವೀಡನ್ನಿನ ಒಬ್ಬ ಯುವಕ ಸೇರಿದ. ಅವನೇ ಕಾರ್ಲ್ ಲಿನೇಯಸ್, ಮುಂದೆ ಎಲ್ಲಾ ಜೀವಿಗಳಿಗೂ ಎರಡು ಪದದ ಹೆಸರಿಡೋ ಪದ್ಧತಿ ತಂದವನು. ಅವನು ಯೋಚಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಈ ಗಿಡ ಹುಟ್ಟಿದ ಊರಲ್ಲಿ ಏನಾಗುತ್ತೆ? ಕೆಲವು ತಿಂಗಳು ಒಣಹವೆ, ಆಮೇಲೆ ಒಮ್ಮೆಲೇ ಮಳೆ. ಸರಿ, ಇಲ್ಲೂ ಅದನ್ನೇ ಮಾಡೋಣ. ಒಳ್ಳೆ ಗೊಬ್ಬರದ ಮಣ್ಣಿಗೆ ಹಾಕಿ ಕೆಲವು ವಾರ ನೀರು ನಿಲ್ಲಿಸಿದ, ಆಮೇಲೆ ಧಾರಾಳವಾಗಿ ಸುರಿಸಿದ. ಅಂದ್ರೆ ಹಾಲೆಂಡಿನ ಗಾಜಿನ ಮನೆಯೊಳಗೆ ಒಂದು ಸುಳ್ಳು ಮುಂಗಾರು. 1736ರ ಜನವರಿಯಲ್ಲಿ, ಹೊರಗೆ ಗಡಗಡ ಚಳಿ ಇರುವಾಗ, ಬಾಳೆ ಹೂ ಬಿಟ್ಟಿತು, ಮುಂದೆ ಕಾಯೂ ಆಯಿತು. ಇಪ್ಪತ್ತೆಂಟರ ಹುಡುಗ ಆ ಒಂದು ಗಿಡದ ಬಗ್ಗೆಯೇ ಅದೇ ವರ್ಷ 'ಮೂಸಾ ಕ್ಲಿಫೋರ್ಟಿಯಾನಾ' ಅಂತ ಪುಸ್ತಕ ಪ್ರಕಟಿಸಿದ.

ಹಾಲೆಂಡಿನಲ್ಲಿ ಓದುವವರಿಗೆ ನಮ್ಮ ಕರಾವಳಿಯ ಬಾಳೆ ಆಗಲೇ ಗೊತ್ತಿತ್ತು ಅನ್ನೋದು ಇನ್ನೊಂದು ಸ್ವಾರಸ್ಯ. ಕೊಚ್ಚಿಯ ಡಚ್ ಗವರ್ನರ್ ವಾನ್ ರೀಡ್ ಮಾಡಿಸಿದ 'ಹಾರ್ಟಸ್ ಮಲಬಾರಿಕಸ್' ಆಂಸ್ಟರ್‌ಡ್ಯಾಂನಲ್ಲಿ 1678ರಿಂದ ಹನ್ನೆರಡು ಸಂಪುಟಗಳಲ್ಲಿ ಅಚ್ಚಾಗಿತ್ತು. ಇಟ್ಟಿ ಅಚ್ಯುತನ್ ಅನ್ನೋ ವೈದ್ಯರು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅನ್ನೋ ಮೂವರು ಕೊಂಕಣಿ ಪಂಡಿತರು ಅದರ ಹಿಂದಿದ್ದವರು. ಅದರ ಮೊದಲ ಸಂಪುಟದಲ್ಲಿ ಬಾಳೆ ಇದೆ, ಹೆಸರು 'ಬಾಲ' ಅಂತ. ಮಲಯಾಳದ ಹೆಸರು ಡಚ್ ಕಿವಿಗೆ ಹಾಗೆ ಕೇಳಿಸಿತು. ನಮ್ಮ ಬಾಳೆಯ ಅಕ್ಕತಂಗಿಯೇ ಅದು. ಲಿನೇಯಸ್ ಮುಂದೆ ಇಟ್ಟ ಹೆಸರುಗಳಲ್ಲಿ ಒಂದು ಸ್ವರ್ಗದ ಹಣ್ಣು ಅನ್ನೋ ಅರ್ಥದ್ದು, ಇನ್ನೊಂದು ಜ್ಞಾನಿಗಳ ಹಣ್ಣು ಅನ್ನೋ ಅರ್ಥದ್ದು. ಭಾರತದ ಋಷಿಗಳು ಇದನ್ನು ತಿಂದು ಬದುಕುತ್ತಾರೆ ಅಂತ ಗ್ರೀಕರ ಕಾಲದಿಂದ ಒಂದು ನಂಬಿಕೆ ಇತ್ತು. ಋಷಿಗಳ ಸಂಗತಿ ಇರಲಿ, ನಮ್ಮ ಕಡೆ ಯಾವ ಬಸ್ ಸ್ಟ್ಯಾಂಡಿನಲ್ಲೂ ಎರಡು ಬಾಳೆಹಣ್ಣು ತಿಂದು ರಾತ್ರಿ ಬಸ್ಸು ಹತ್ತೋರಿಗೆ ಕೊರತೆ ಇಲ್ಲ.

ಈಗ ಇಂಗ್ಲೆಂಡಿಗೆ, ಕಥೆಯ ನಾಯಕನ ಹತ್ತಿರ ಬರೋಣ.

ಜೋಸೆಫ್ ಪ್ಯಾಕ್ಸ್‌ಟನ್. 1803ರಲ್ಲಿ ಬೆಡ್‌ಫರ್ಡ್‌ಶೈರಿನ ಒಂದು ಸಣ್ಣ ರೈತ ಕುಟುಂಬದಲ್ಲಿ ಹುಟ್ಟಿದ. ಲಂಡನ್ ಬಳಿ ಚಿಸ್ವಿಕ್‌ನಲ್ಲಿ ತೋಟಗಾರಿಕಾ ಸಂಘದ ತೋಟದಲ್ಲಿ ಕೆಲಸ ಮಾಡ್ತಿದ್ದ. ಆ ಜಾಗದ ಒಡೆಯ, ಪಕ್ಕದ ಮನೆಯವನೂ ಆಗಿದ್ದ ಡೆವನ್‌ಶೈರಿನ ಆರನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್, ಆಗಾಗ ಬಂದು ಹುಡುಗನ ಜೊತೆ ಮಾತಾಡ್ತಿದ್ದ. 1826ರಲ್ಲಿ ಡ್ಯೂಕ್ ರಷ್ಯಾಕ್ಕೆ ಹೊರಡೋ ಮುಂಚೆ, ಡರ್ಬಿಶೈರ್‌ನ ಚಾಟ್ಸ್‌ವರ್ತ್‌ನಲ್ಲಿರೋ ನನ್ನ ತೋಟ ನೋಡ್ಕೋ ಅಂತ ಅವನಿಗೆ ವಹಿಸಿಬಿಟ್ಟ. ಪ್ಯಾಕ್ಸ್‌ಟನ್‌ಗೆ ಆಗ ಇಪ್ಪತ್ತೆರಡು.

ಕೆಲಸದ ಮೊದಲ ದಿನದ ಬಗ್ಗೆ ಅವನೇ ಹೇಳಿಕೊಂಡಿದ್ದಾನೆ. ಬೆಳಗಿನ ಜಾವ ನಾಲ್ಕೂವರೆಗೆ ತಲುಪಿದ. ಯಾರೂ ಎದ್ದಿಲ್ಲ, ಗೇಟು ಹತ್ತಿ ಒಳಗೆ ಇಳಿದ. ತೋಟವೆಲ್ಲಾ ಸುತ್ತಿದ. ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿದ. ಆಮೇಲೆ ಮನೆಯ ಮೇಲ್ವಿಚಾರಕಿಯ ಜೊತೆ ತಿಂಡಿಗೆ ಕೂತ. ಅಲ್ಲಿದ್ದ ಅವರ ಸಂಬಂಧಿಕರ ಹುಡುಗಿ ಸಾರಾ ಬೌನ್‌ಳನ್ನು ಕಂಡು ಪ್ರೀತಿಸಿದ. ಇಷ್ಟೂ ಒಂಬತ್ತು ಗಂಟೆಯೊಳಗೆ. ನಾನು ಹೊಸ ಕಂಪನಿಗೆ ಸೇರಿದ ಮೊದಲ ದಿನ ಸಂಜೆವರೆಗೂ ಲ್ಯಾಪ್‌ಟಾಪೇ ಸಿಕ್ಕಿರಲಿಲ್ಲ.

ಡರ್ಬಿಶೈರ್ ಅಂದರೆ ಗುಡ್ಡಗಾಡು, ಮಳೆ, ಮೋಡ. ಅಲ್ಲಿಗೆ 1830ರ ಸುಮಾರಿಗೆ ಮಾರಿಷಸ್ ಕಡೆಯಿಂದ ಬಂದ ಒಂದು ಕುಳ್ಳ ಬಾಳೆಯ ಗಿಡವನ್ನು ಪ್ಯಾಕ್ಸ್‌ಟನ್ ತರಿಸಿಕೊಂಡ. ಮೂಲ ದಕ್ಷಿಣ ಚೀನಾದ ಬಾಳೆ ಅದು. ಅರಮನೆಯ ಒಂದು ಕೋಣೆಯ ಚೀನೀ ಗೋಡೆಕಾಗದದಲ್ಲಿ ಬಾಳೆಗಿಡದ ಚಿತ್ರ ನೋಡಿ ಅವನಿಗೆ ಆಸೆ ಹುಟ್ಟಿತು ಅಂತ ಒಂದು ಕಥೆ ಹೇಳ್ತಾರೆ. ಅಷ್ಟು ಚೆಂದದ ಕಥೆಗಳನ್ನು ಕಂಡರೆ ನನಗೆ ಸ್ವಲ್ಪ ಅನುಮಾನ, ಆದರೂ ಇರಲಿ ಬಿಡಿ.

ಗುಂಡಿ ತುಂಬಾ ಫಲವತ್ತಾದ ಗೋಡುಮಣ್ಣು, ಚೆನ್ನಾಗಿ ಕೊಳೆತ ಗೊಬ್ಬರ, ಕೈಬಿಟ್ಟು ನೀರು, 18ರಿಂದ 30 ಡಿಗ್ರಿ ಶಾಖ. ಅವನ ವಿಧಾನ ಇಷ್ಟೇ. ಕೇಳಿದಾಗ ಅಮ್ಮ, "ಇದರಲ್ಲೇನೈತೆ, ನಾವೂ ಅದೇ ಮಾಡೋದು" ಅಂದರು. ನಿಜ. ವ್ಯತ್ಯಾಸ ಕೊನೆಯ ಮಾತಿನಲ್ಲಿದೆ. ಆ ಶಾಖ ನಮಗೆ ಪುಕ್ಕಟೆ. ಅವನಿಗೆ ಅದಕ್ಕಾಗಿ ಗಾಜು ಬೇಕು, ಆಗಿನ ಕಾಲಕ್ಕೆ ಗಾಜಿನ ಮೇಲೆ ಭಾರಿ ತೆರಿಗೆ. ಕಲ್ಲಿದ್ದಲು ಬೇಕು. ರಾತ್ರಿಯೆಲ್ಲಾ ಒಲೆ ಕಾಯೋ ಆಳು ಬೇಕು. ಹಿಮ ಬೀಳೋ ಒಂದು ರಾತ್ರಿ ಆ ಆಳು ನಿದ್ದೆ ಹೋದರೆ ಐದು ವರ್ಷದ ಕೆಲಸ ಬೆಳಗಾಗೋದರೊಳಗೆ ಮುಗಿದುಹೋಗುತ್ತದೆ. ಚಾಟ್ಸ್‌ವರ್ತ್‌ನ ಬಾಳೆ ಅಂದಾಗ ಎಲ್ಲರೂ ಡ್ಯೂಕನ ಹೆಸರು ಹೇಳ್ತಾರೆ, ಹೆಚ್ಚೆಂದರೆ ಪ್ಯಾಕ್ಸ್‌ಟನ್ ಹೆಸರು. ಆನ್-ಕಾಲ್ ಡ್ಯೂಟಿ ಮಾಡಿ ರಾತ್ರಿ ಮೂರಕ್ಕೆ ಎದ್ದು ಸರ್ವರ್ ನೋಡಿದ ಅನುಭವ ಇರೋ ನನಗೆ ಆ ಒಲೆ ಕಾದವರೇ ಮೊದಲು ನೆನಪಾಗೋದು.

1835ರ ನವೆಂಬರ್‌ನಲ್ಲಿ ಗಿಡ ಹೂ ಬಿಟ್ಟಿತು. ಮುಂದಿನ ಮೇ ಹೊತ್ತಿಗೆ ನೂರಕ್ಕೂ ಹೆಚ್ಚು ಕಾಯಿ. ತೋಟಗಾರಿಕಾ ಸಂಘದ ಪ್ರದರ್ಶನದಲ್ಲಿ ಪದಕ ಬಂತು. ಪ್ಯಾಕ್ಸ್‌ಟನ್ ತಾನೇ ನಡೆಸುತ್ತಿದ್ದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಆ ಗಿಡಕ್ಕೆ ಯಜಮಾನನ ಮನೆತನದ ಹೆಸರನ್ನೇ ಇಟ್ಟ: 'ಮೂಸಾ ಕ್ಯಾವೆಂಡಿಶಿ'. ಸಸ್ಯಶಾಸ್ತ್ರಜ್ಞರು ಆ ಹೆಸರನ್ನು ಈಗ ಬಳಸೋದಿಲ್ಲ, ಆದರೆ ವ್ಯಾಪಾರದಲ್ಲಿ ಕ್ಯಾವೆಂಡಿಶ್ ಅನ್ನೋದು ಗಟ್ಟಿಯಾಗಿ ಉಳಿಯಿತು. ನೀವು ಪುಣೆಯಲ್ಲಿ ಕೊಳ್ಳೋ ಜಳಗಾಂವ್ ಬಾಳೆ, ಹೈದರಾಬಾದಿನ ತಳ್ಳುಗಾಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗೋದು, ದೆಹಲಿಯ ಆಜಾದ್‌ಪುರ ಮಂಡಿಯಿಂದ ನಮ್ಮ ಗೇಟಿನ ಮುಂದೆ ಬರೋದು, ಬೆಂಗಳೂರಿನಲ್ಲಿ ಪಚ್ಚಬಾಳೆ ಅಂತ ಕರೆಯೋದು, ಎಲ್ಲಾ ಬಹುಪಾಲು ಈ ಕ್ಯಾವೆಂಡಿಶ್ ಗುಂಪಿನದ್ದೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪ್ರಪಂಚದ ಎಲ್ಲಾ ಕ್ಯಾವೆಂಡಿಶ್ ಬಾಳೆಯೂ ಚಾಟ್ಸ್‌ವರ್ತ್‌ನ ಆ ಒಂದೇ ಗಿಡದ ಮರಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ಅಷ್ಟು ಸಲೀಸಾಗಿ ಒಪ್ಪೋ ಮಾತಲ್ಲ. ದಕ್ಷಿಣ ಚೀನಾದ ಆ ಬಾಳೆ ಬೇರೆ ಬೇರೆ ದಾರಿಯಲ್ಲಿ ಬೇರೆ ಬೇರೆ ದೇಶಕ್ಕೆ ಹೋಗಿದೆ. ಬಸರಾಯಿ, ರೊಬಸ್ಟಾ, ಗ್ರ್ಯಾಂಡ್ ನೈನ್ ಎಲ್ಲವೂ ಅದೇ ಗುಂಪಿನ ಸಣ್ಣಪುಟ್ಟ ಮಾರ್ಪಾಡುಗಳು, ಅಷ್ಟು ಮಾತ್ರ ನಿಜ. ಡ್ಯೂಕನ ಮನೆ ಕೊಟ್ಟದ್ದು ಮುಖ್ಯವಾಗಿ ಹೆಸರು. ಜೊತೆಗೆ ಪೆಸಿಫಿಕ್ ದ್ವೀಪಗಳಿಗೆ ಒಂದು ಗಿಡ, ಅದಕ್ಕೆ ಆಮೇಲೆ ಬರ್ತೀನಿ.

ಬಾಳೆ ಹಣ್ಣಾದ ವರ್ಷವೇ, 1836ರಲ್ಲಿ, ಚಾಟ್ಸ್‌ವರ್ತ್‌ನಲ್ಲಿ ಮಹಾ ಗಾಜಿನ ಮನೆಯ ಕೆಲಸ ಶುರುವಾಯಿತು. 1840ರಲ್ಲಿ ಮುಗಿದಾಗ ಉದ್ದ 277 ಅಡಿ, ಅಗಲ 123 ಅಡಿ. ನೆಲದಡಿಯಲ್ಲಿ ಎಂಟು ಬಾಯ್ಲರ್, ಏಳು ಮೈಲಿ ಉದ್ದದ ಕಬ್ಬಿಣದ ಪೈಪಿನಲ್ಲಿ ಬಿಸಿನೀರು. ಮಧ್ಯದಲ್ಲಿ ಕುದುರೆಗಾಡಿ ಓಡೋವಷ್ಟು ದಾರಿ. 1843ರ ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಸಾವಿರಾರು ದೀಪ ಹಚ್ಚಿ ಅವಳನ್ನು ಗಾಡಿಯಲ್ಲೇ ಒಳಗೆ ಕರೆದುಕೊಂಡು ಹೋದರು. ಜನರಿಗೆ ಕಾಣಬಾರದು ಅಂತ ಕಲ್ಲಿದ್ದಲನ್ನು ಸುರಂಗದಲ್ಲಿ ತರ್ತಿದ್ದರು. ಮೇಲೆ ನೋಡಿದರೆ ಉಷ್ಣವಲಯದ ಕಾಡು, ಕೆಳಗೆ ಕಪ್ಪು ಧೂಳು.

ಅದರ ಕೊನೆ ಹೇಗಾಯಿತು ಗೊತ್ತಾ? ಮೊದಲ ಮಹಾಯುದ್ಧ. ಕಲ್ಲಿದ್ದಲು ಯುದ್ಧಕ್ಕೆ ಹೋಯಿತು, ಆಳುಗಳೂ ಹೋದರು. ಬಾಯ್ಲರ್ ಆರಿತು. ಗಿಡಗಳೆಲ್ಲಾ ಸತ್ತವು. 1920ರಲ್ಲಿ ಕಟ್ಟಡವನ್ನೇ ಸ್ಫೋಟಿಸಿ ಕೆಡವಿದರು. ಚಳಿದೇಶದಲ್ಲಿ ಬಾಳೆ ಬೆಳೆಯುತ್ತಾ ಅಂತ ಅಮ್ಮ ಕೇಳಿದ್ದಕ್ಕೆ ಇಂಗ್ಲೆಂಡಿನ ಉತ್ತರ ಇದು: ಬೆಳೆಯುತ್ತೆ, ಬಿಲ್ಲು ಕಟ್ಟೋವರೆಗೆ.

ಇನ್ನೊಂದು ಉತ್ತರ ಐಸ್‌ಲ್ಯಾಂಡಿನದ್ದು. ಅಲ್ಲಿ ಕಲ್ಲಿದ್ದಲು ಬೇಡ, ನೆಲದೊಳಗಿಂದಲೇ ಬಿಸಿನೀರು ಬರುತ್ತದೆ. 1940ರ ದಶಕದಿಂದ ಗಾಜಿನ ಮನೆಗಳಲ್ಲಿ ಬಾಳೆ ಬೆಳೆದರು. ಯೂರೋಪಿನಲ್ಲಿ ಅತಿ ಹೆಚ್ಚು ಬಾಳೆ ಬೆಳೆಯೋ ದೇಶ ಐಸ್‌ಲ್ಯಾಂಡ್ ಅಂತ ಕ್ವಿಜ್‌ಗಳಲ್ಲಿ ಕೇಳ್ತಾರೆ. ಅದು ಸುಳ್ಳು, ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳ ಮುಂದೆ ಅದು ಏನೇನೂ ಅಲ್ಲ. ಶಾಖ ಪುಕ್ಕಟೆ ಸಿಕ್ಕರೂ ಬೆಳಕು ಸಿಗಬೇಕಲ್ಲ? ಚಳಿಗಾಲದಲ್ಲಿ ಅಲ್ಲಿ ಹಗಲು ಅನ್ನೋದೇ ನಾಲ್ಕೈದು ತಾಸು. ಹಣ್ಣಾಗೋಕೆ ಎರಡು ವರ್ಷದವರೆಗೂ ಹಿಡಿಯುತ್ತದೆ. ಆಮದು ಹಣ್ಣಿನ ಸುಂಕ ತೆಗೆದ ಮೇಲೆ ವ್ಯಾಪಾರ ಮುಗಿಯಿತು. ಈಗ ಅಲ್ಲಿನ ತೋಟಗಾರಿಕಾ ಶಾಲೆಯ ಗಾಜಿನ ಮನೆಯಲ್ಲಿ ಬಾಳೆ ಇದೆ, ಹಣ್ಣನ್ನು ಮಾರೋದಿಲ್ಲ, ಅಲ್ಲಿನವರೇ ತಿಂತಾರೆ.

ಪ್ಯಾಕ್ಸ್‌ಟನ್ ಮಾತ್ರ ಗಾಜಿನ ಮನೆಯಿಂದ ಕಲಿತದ್ದನ್ನು ಬಿಡಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಕಟ್ಟಡ ಬೇಕಾದಾಗ ಅವನು ಕಬ್ಬಿಣ ಮತ್ತು ಗಾಜಿನಲ್ಲೇ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿಕೊಟ್ಟ. ತೋಟದ ಮಾಲಿ ಸರ್ ಜೋಸೆಫ್ ಆದ. ಈಗ ಬೆಂಗಳೂರಿಗೆ ಬನ್ನಿ. ಲಾಲ್‌ಬಾಗಿನ ಗಾಜಿನ ಮನೆ ಆ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲೇ ಆಗಿದ್ದು. ಜಾನ್ ಕ್ಯಾಮರಾನ್ ತೋಟದ ಮೇಲ್ವಿಚಾರಕನಾಗಿದ್ದಾಗ, 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ಕ್ರಿಸ್ಟಲ್ ಪ್ಯಾಲೇಸ್ ಸುಟ್ಟು ಬೂದಿಯಾಗಿದ್ದು 1936ರಲ್ಲಿ, ಅದೂ ನವೆಂಬರ್ 30ರಂದೇ. ಬರೀ ಕಾಕತಾಳೀಯ, ಆದರೂ ಹೇಳದೆ ಇರೋಕಾಗಲಿಲ್ಲ.

ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಗಮನಿಸಿರಬಹುದು, ಲಾಲ್‌ಬಾಗಿನ ಗಾಜಿನ ಮನೆಗೆ ಸುತ್ತ ಪೂರ್ತಿ ಗೋಡೆಯಿಲ್ಲ. ಗಾಳಿ ಸರಾಗವಾಗಿ ಆಡುತ್ತದೆ. ಬಾಯ್ಲರ್ ಇಲ್ಲ, ಪೈಪಿಲ್ಲ. ಬಾಳೆ, ಅನಾನಸ್ಸು, ತಾವರೆಗಳನ್ನು ಚಳಿಯಿಂದ ಕಾಪಾಡೋಕೆ ಅಂತ ಹುಟ್ಟಿದ ಕಟ್ಟಡದ ಕಲೆ, ಬಾಳೆ ಹಿತ್ತಲಲ್ಲಿ ತಾನಾಗಿ ಬೆಳೆಯೋ ಊರಿಗೆ ಬಂದು ಬರೀ ಅಲಂಕಾರವಾಯಿತು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿದ್ದೆ. ಇದೊಂದು ಒಲೆ ಇಲ್ಲದ ಅಡುಗೆಮನೆ ಅಂತ ಆಗ ನನಗೆಲ್ಲಿ ಗೊತ್ತಿತ್ತು.

ಪೆಸಿಫಿಕ್‌ಗೆ ಹೋದ ಗಿಡದ ಕಥೆ ಸಣ್ಣದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ 1838ರಲ್ಲಿ ಸಮೋವಾಕ್ಕೆ ಹೊರಟಾಗ ಡ್ಯೂಕ್ ಎರಡು ಪೆಟ್ಟಿಗೆ ಬಾಳೆ ಗಿಡ ಕೊಟ್ಟ. ಗಾಜು ಮುಚ್ಚಿದ ಬಿಗಿ ಪೆಟ್ಟಿಗೆಯಲ್ಲಿ ಗಿಡ ಸಾಗಿಸೋ ಉಪಾಯ ಆಗಷ್ಟೇ ಬಂದಿತ್ತು. ಒಂದು ಪೆಟ್ಟಿಗೆಯ ಗಿಡ ಬದುಕಿತು, ಸಮೋವಾದಲ್ಲಿ ಹಬ್ಬಿ ಸುತ್ತಲಿನ ದ್ವೀಪಗಳಿಗೂ ಹೋಯಿತು. ವಿಲಿಯಮ್ಸ್ ಮಾತ್ರ 1839ರ ನವೆಂಬರ್‌ನಲ್ಲಿ ಎರೊಮಾಂಗೋ ದ್ವೀಪದಲ್ಲಿ ಕೊಲೆಯಾದ.

ಈಗ ನನ್ನ ಮನೆಗೆ ಸಂಬಂಧಿಸಿದ ಭಾಗ. ಡ್ಯೂಕನ ಬಾಳೆ ನೂರು ವರ್ಷ ಅಷ್ಟೇನೂ ಮುಖ್ಯ ಆಗಿರಲಿಲ್ಲ. ಅಮೆರಿಕಕ್ಕೆ, ಯೂರೋಪಿಗೆ ಹಡಗಿನಲ್ಲಿ ಹೋಗ್ತಿದ್ದದ್ದು ಗ್ರೋ ಮಿಶೆಲ್ ಅನ್ನೋ ಬೇರೆ ಜಾತಿ. ದಪ್ಪ ಸಿಪ್ಪೆ, ಗೊನೆಗೊನೆಯಾಗೇ ಹಡಗಿಗೆ ತುಂಬಬಹುದಿತ್ತು. ಬಾಳೆಗೆ ಬೀಜ ಇಲ್ಲವಲ್ಲ, ತೋಟದ ಒಂದೊಂದು ಗಿಡವೂ ಇನ್ನೊಂದರ ಪಡಿಯಚ್ಚು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ. ಮಣ್ಣಿನ ಒಂದು ಶಿಲೀಂಧ್ರ, ಪನಾಮಾ ಸೊರಗು ರೋಗ, 20ನೇ ಶತಮಾನದ ಮೊದಲರ್ಧದಲ್ಲಿ ಮಧ್ಯ ಅಮೆರಿಕದ ತೋಟಗಳನ್ನು ಒಂದೊಂದಾಗಿ ನುಂಗಿತು. 1960ರ ದಶಕದ ಹೊತ್ತಿಗೆ ಕಂಪನಿಗಳು ಗ್ರೋ ಮಿಶೆಲ್ ಕೈಬಿಟ್ಟು, ಆ ರೋಗ ತಡೆಯೋ ಕ್ಯಾವೆಂಡಿಶ್ ಹಿಡಿದವು. ಅದರ ಸಿಪ್ಪೆ ಸೂಕ್ಷ್ಮ, ಹಾಗಾಗಿ ಚಿಪ್ಪು ಚಿಪ್ಪಾಗಿ ಬಿಡಿಸಿ ರಟ್ಟಿನ ಪೆಟ್ಟಿಗೆಗೆ ತುಂಬೋ ಪದ್ಧತಿ ಬಂತು.

ಅದೇ ಸೊರಗು ರೋಗ ನಂಜನಗೂಡಿಗೂ ಬಂದಿತ್ತು. ನಮ್ಮ ರಸಬಾಳೆಯನ್ನು ತೆಗೆದದ್ದು ಅದೇ.

ತಾತನ ಕಾಲದಲ್ಲಿ ನಮಗೆ ಅರ್ಧ ಎಕರೆ ರಸಬಾಳೆ ಇತ್ತಂತೆ. ಅಮ್ಮ ಮದುವೆಯಾಗಿ ಬಂದಾಗ ಹಣ್ಣಿನ ಕೋಣೆಯ ಬಾಗಿಲು ತೆಗೆದರೆ ಬೀದಿವರೆಗೂ ವಾಸನೆ ಬರ್ತಿತ್ತಂತೆ. ಆಮೇಲೆ ಅಂಚಿನ ಎಲೆ ಹಳದಿಯಾಗಿ ಬುಡದ ಸುತ್ತ ಲಂಗದ ಹಾಗೆ ಜೋತುಬೀಳೋಕೆ ಶುರುವಾಯಿತು. ಕಾಂಡ ಬುಡದಲ್ಲಿ ಸೀಳಿತು. ಕಡಿದು ನೋಡಿದರೆ ಒಳಗೆ ಕೆಂಪು ಕಂದು ಉಂಗುರ. ತಾತ ಗಿಡ ಕಿತ್ತು ಸುಟ್ಟರು, ಸುಣ್ಣ ಹಾಕಿದರು, ಎರಡು ವರ್ಷ ಬತ್ತ ಬೆಳೆದು ಮತ್ತೆ ರಸಬಾಳೆ ಇಟ್ಟರು. ಮತ್ತೆ ಬಂತು. ಆ ಶಿಲೀಂಧ್ರ ದಶಕಗಟ್ಟಲೆ ಮಣ್ಣಲ್ಲೇ ಕಾದು ಕೂರುತ್ತದೆ ಅಂತ ಅವರಿಗೆ ಯಾರು ಹೇಳಬೇಕು? ನಾನು ಹುಟ್ಟೋ ಹೊತ್ತಿಗೆ ಅಪ್ಪ ಅಲ್ಲಿ ಪಚ್ಚಬಾಳೆ ಹಾಕಿದ್ದರು. ಅಂದರೆ ಡರ್ಬಿಶೈರಿನ ಚಳಿಯಲ್ಲಿ ಹೆಸರು ಪಡೆದ ಬಾಳೆ ನಮ್ಮ ತಾತನ ಮಣ್ಣಲ್ಲಿ ರಸಬಾಳೆಯ ಜಾಗಕ್ಕೆ ಬಂದು ನಿಂತಿತ್ತು. ನಾನು ಓದಿದ್ದು ಆ ದುಡ್ಡಿನಲ್ಲೇ, ಅದನ್ನು ಬೈಯೋ ಹಕ್ಕು ನನಗಿಲ್ಲ. ನಂಜನಗೂಡು ರಸಬಾಳೆಗೆ 2005-06ರ ಸುಮಾರಿಗೆ ಜಿಐ ಟ್ಯಾಗ್ ಸಿಕ್ಕಿತು. ಹೆಸರಿಗೆ ಕಾನೂನಿನ ರಕ್ಷಣೆ ಬರೋ ಹೊತ್ತಿಗೆ ನಮ್ಮ ಬೀದಿಯಲ್ಲಿ ಗಿಡ ಇರಲಿಲ್ಲ. "ರಸಬಾಳೆ ಕಂದೇ ತರೋಣ ಅಂತಿದ್ದೆ, ಎಲ್ಲಿಂದ ತರ್ಲಿ" ಅಂತ ಅಮ್ಮ ಆ ಗೋಣಿಚೀಲದ ದಿನ ಅಂದಿದ್ದರು. ನಾನು ಆಗ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಈಗ ಕ್ಯಾವೆಂಡಿಶ್‌ಗೂ ಅದೇ ಶಿಲೀಂಧ್ರದ ಹೊಸ ತಳಿ ಬಂದಿದೆ, ಟಿಆರ್4 ಅಂತಾರೆ. ಬಿಹಾರದ ಕಟಿಹಾರ್ ಕಡೆ, ನಮ್ಮ ಉತ್ತರಪ್ರದೇಶದಲ್ಲೂ ಅದು ಕಂಡುಬಂದಿದೆ. 2019ರಲ್ಲಿ ಕೊಲಂಬಿಯಾಕ್ಕೂ ತಲುಪಿತು. ಇದನ್ನೆಲ್ಲಾ ಓದ್ತಾ ಇದ್ದಾಗ ಒಂದು ಸಾಲು ನೋಡಿ ಕೈ ತಣ್ಣಗಾಯಿತು. ಈ ರೋಗ ಊರಿಂದ ಊರಿಗೆ ಹೋಗೋ ಮುಖ್ಯ ದಾರಿ, ಮಣ್ಣು ಮೆತ್ತಿದ ಬಾಳೆ ಕಂದು. ಅಂದ್ರೆ ಕರ್ನಾಟಕ ಎಕ್ಸ್‌ಪ್ರೆಸ್‌ನ ಸೀಟಿನ ಕೆಳಗಿದ್ದ ನಮ್ಮ ಗೋಣಿಚೀಲ. ಅಮ್ಮ ತಂದದ್ದು ಪ್ರೀತಿಯಿಂದ, ಆ ಪೆಸಿಫಿಕ್ ಪಾದ್ರಿಯ ಹಾಗೆಯೇ. ಶಿಲೀಂಧ್ರ ಅದನ್ನೆಲ್ಲಾ ನೋಡೋದಿಲ್ಲ. ನಮ್ಮ ಸುತ್ತ ಬಾಳೆ ತೋಟಗಳಿಲ್ಲ, ಗಿಡದಲ್ಲಿ ರೋಗದ ಲಕ್ಷಣವೂ ಇರಲಿಲ್ಲ, ಆದರೂ ನೀವು ಯಾರೂ ಹಾಗೆ ತರಬೇಡಿ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಮಾಡಿದ ಸಸಿ ಸಿಗುತ್ತದೆ, ಅದರಲ್ಲಿ ಮಣ್ಣಿನ ರೋಗ ಇರೋದಿಲ್ಲ. ವಿಡಿಯೋದಲ್ಲಿ ಇದನ್ನು ಹೇಳೋಕೆ ಸಂಕೋಚ ಆಗಿ ಬಿಟ್ಟಿದ್ದೆ, ಇಲ್ಲಿ ಬರೀತಾ ಇದ್ದೀನಿ.

ಅಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಬಾಟ್ಲಿ ಒಳಗೆ ಬೆಳೆದ ಗಿಡವಾ?" ಅಂದರು. ಹೌದಮ್ಮ ಅಂದೆ. "ಸರಿ, ರಸಬಾಳೆದು ಸಿಗುತ್ತೇನೋ ಕೇಳು" ಅಂದರು.

ನಮ್ಮ ಎರಡು ಗಿಡಗಳ ಕಥೆ ಏನಾಯ್ತು ಅಂತೀರಾ? ಜಪಾನಿನ ಕವಿ ಬಾಶೋ ನೆನಪಾಗ್ತಾನೆ. 1681ರಲ್ಲಿ ಎದೋ, ಅಂದರೆ ಈಗಿನ ಟೋಕಿಯೋದಲ್ಲಿ, ಶಿಷ್ಯನೊಬ್ಬ ಅವನ ಗುಡಿಸಲ ಮುಂದೆ ಒಂದು ಬಾಳೆಗಿಡ ನೆಟ್ಟುಕೊಟ್ಟ. ಜಪಾನಿ ಭಾಷೆಯಲ್ಲಿ ಬಾಶೋ ಅಂದರೆ ಬಾಳೆ. ಗುಡಿಸಲಿಗೆ ಆ ಹೆಸರು ಬಂತು, ಆಮೇಲೆ ಕವಿಗೂ. ಅಲ್ಲಿನ ಆ ಜಾತಿಯಲ್ಲಿ ತಿನ್ನೋಕೆ ಬರೋ ಹಣ್ಣಾಗೋದಿಲ್ಲ. ಆದರೆ ಎಲೆ, ಕಾಂಡ ಎಲ್ಲಾ ಸತ್ತರೂ ಗಡ್ಡೆ ಚಳಿ ತಡೆದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಹಿತ್ತಲಲ್ಲಿ ಬಾಳೆ ಬೆಳೆಸೋರು ಈಗ ಆ ಜಾತಿಯನ್ನೇ ನೆಟ್ಟು ಚಳಿಗಾಲದಲ್ಲಿ ಒಣಹುಲ್ಲು ಸುತ್ತಿಡ್ತಾರೆ.

ಅಮ್ಮ ಇದ್ಯಾವುದನ್ನೂ ಓದಿರಲಿಲ್ಲ. ಜನವರಿಯ ಕೊನೆಗೆ ಒಂದು ಬೆಳಿಗ್ಗೆ ಕುಡುಗೋಲಿಲ್ಲದೆ ತರಕಾರಿ ಚಾಕುವಿನಲ್ಲೇ ಕೊಳೆತ ಕಾಂಡ ಕತ್ತರಿಸಿ, ಬುಡಕ್ಕೆ ಒಣಗಿದ ಎಲೆ, ಬೆರಣಿಪುಡಿ ಮುಚ್ಚಿ, ಮೇಲೆ ಅದೇ ಗೋಣಿಚೀಲ ಹಾಸಿ ಕಲ್ಲು ಇಟ್ಟಿದ್ದರು. ಮಾರ್ಚ್ ಎರಡನೇ ವಾರ ಚೀಲದ ಒಂದು ಮೂಲೆ ಮೇಲೆದ್ದಿತ್ತು. ಒಂದು ಗಡ್ಡೆ ಕೊಳೆತುಹೋಗಿತ್ತು, ಇನ್ನೊಂದರ ಪಕ್ಕದಿಂದ ಬೆರಳುದ್ದದ ಮರಿ. ಇದನ್ನು ಬರೀತಾ ಇರೋ ಹೊತ್ತಿಗೆ ಅದಕ್ಕೆ ಮೂರು ಎಲೆ, ನಾಲ್ಕನೆಯದು ಇನ್ನೂ ಸುಳಿಯಲ್ಲಿದೆ. ಗೊನೆ ಬಿಡೋದರೊಳಗೆ ಮತ್ತೊಂದು ಜನವರಿ ಬರುತ್ತೆ ಅಂತ ನಾನು ಲೆಕ್ಕ ಹಾಕಿ ಹೇಳಿದೆ. "ಹಣ್ಣಿನ ಕಥೆ ಆಮೇಲೆ ನೋಡಣ" ಅಂದರು ಅಮ್ಮ, "ಗೌರಿ ಹಬ್ಬಕ್ಕೆ ಎಲೆ ಆಗುತ್ತಲ್ಲ."